ಏರಿ ಬಿಟ್ಟು ಹಿನ್ನೀರಿನ ಕಡೆ ಬನ್ನಿ: ಬೆಂಗಳೂರಿನ ಅಂಚಿನ ಕೆರೆ, ಕಾಡು ಮತ್ತು ಹಕ್ಕಿಗಳು

ಹಕ್ಕಿ ನೋಡಲು ಹೊಸದಾಗಿ ಹೊರಟವರು ಸಾಮಾನ್ಯವಾಗಿ ಕೆರೆ ಏರಿಯ ಮೇಲೆ ನಿಲ್ಲುತ್ತಾರೆ. ಗಾಡಿ ಅಲ್ಲಿಯವರೆಗೂ ಹೋಗುತ್ತದೆ, ಕೂರಲು ಗುಡಿಯ ಕಟ್ಟೆ ಇರುತ್ತದೆ, ಇಡೀ ಕೆರೆ ಒಂದೇ ನೋಟಕ್ಕೆ ಸಿಗುತ್ತದೆ. ಅರ್ಧ ಗಂಟೆ ನಿಂತು ನಾಲ್ಕು ನಾಮದ ಕೋಳಿ, ಎರಡು ನೀರುಕಾಗೆ, ದೂರದಲ್ಲಿ ಒಂದು ಬಕ ನೋಡಿ, ಇಲ್ಲೇನೂ ಇಲ್ಲ ಅಂದುಕೊಂಡು ವಾಪಸ್ ಹೋಗುತ್ತಾರೆ. ಕನಕಪುರ ರಸ್ತೆಯ ಆಚೆ, ಬನ್ನೇರುಘಟ್ಟದ ಕಾಡಿಗೆ ಒರಗಿಕೊಂಡಂತಿರುವ ಒಂದು ಊರಿನ ಕೆರೆಗೆ ನಾನು ಹೋಗತೊಡಗಿದ ಮೊದಲ ವರ್ಷ ನಾನೂ ಏರಿಯಲ್ಲೇ ನಿಲ್ಲುತ್ತಿದ್ದೆ. ದನ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಒಂದು ದಿನ ಕೋಲನ್ನು ಆಚೆ ದಡದ ಕಡೆ ಚಾಚಿ, "ಅಲ್ನೋಡಿ, ಹಿನ್ನೀರ್ ಕಡೀಕೆ ಹೋಗಿ, ಎಲ್ಲಾ ಅಲ್ಲೇ ಮೇಯ್ತಾ ಅವೆ" ಅಂದರು. ಸುತ್ತು ಹಾಕಿಕೊಂಡು ಹೋದೆ. ಅವತ್ತಿನ ಪಟ್ಟಿಯಲ್ಲಿ ಐವತ್ತೆರಡು ಜಾತಿ ಇದ್ದವು. ಅಷ್ಟು ವಾರ ಏರಿಯಿಂದ ನೋಡಿದ್ದು ಒಮ್ಮೆಯೂ ಇಪ್ಪತ್ತು ದಾಟಿರಲಿಲ್ಲ.

ಅವರು ಹೇಳಿದ್ದರ ಹಿಂದೆ ಇರುವ ಲೆಕ್ಕವನ್ನು ಬಿಡಿಸಿ ಹೇಳುವುದೇ ಈ ಬರಹದ ಕೆಲಸ. ಹಕ್ಕಿಯ ಹೆಸರು ಕಲಿಸುವ ಪುಸ್ತಕಗಳೂ ಆ್ಯಪ್‌ಗಳೂ ಬೇಕಾದಷ್ಟಿವೆ. ಯಾವ ಹಕ್ಕಿ ಎಲ್ಲಿ ನಿಲ್ಲುತ್ತದೆ, ಯಾಕೆ ಅಲ್ಲೇ ನಿಲ್ಲುತ್ತದೆ, ಅದೇ ಜಾಗ ಎರಡು ತಿಂಗಳಾದ ಮೇಲೆ ಯಾಕೆ ಖಾಲಿಯಾಗುತ್ತದೆ ಅನ್ನುವುದು ತಿಳಿದರೆ ಹೆಸರು ತಾನಾಗಿ ಬರುತ್ತದೆ.

ಮೊದಲು ಕೆರೆಯ ಆಕಾರ. ಬೆಂಗಳೂರು ಕೂತಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಬಿದ್ದ ಮಳೆ ಒಂದು ಕಡೆ ಅರ್ಕಾವತಿಯ ಮೂಲಕ ಕಾವೇರಿಗೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ ಹರಿದುಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆ ಊರೊಳಗೆ ಇಲ್ಲ. ಹಾಗಾಗಿ ಹಿಂದಿನವರು ಹಳ್ಳ ಹರಿಯುವ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದರು. ತುಂಬಿದ್ದು ಕೋಡಿ ಬಿದ್ದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಇಲ್ಲಿನ ಕೆರೆಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮನುಷ್ಯರು ಕಟ್ಟಿದವು. ಇಳಿಜಾರಿಗೆ ಅಡ್ಡ ಕಟ್ಟಿದ್ದರಿಂದ ಏರಿಯ ಬುಡದಲ್ಲಿ ನೀರು ಅತಿ ಆಳ. ಅಲ್ಲಿಂದ ಹಿಂದಕ್ಕೆ ಹೋದ ಹಾಗೆ ಸೊಂಟದುದ್ದ, ಮೊಣಕಾಲುದ್ದ, ಗೇಣುದ್ದ, ಬೆರಳುದ್ದ, ಆಮೇಲೆ ಬರೀ ಕೆಸರು, ಕೆಸರಿನಾಚೆ ಹಸಿ ಹುಲ್ಲು, ಹುಲ್ಲಿನಾಚೆ ಜಾಲಿ, ಅದರಾಚೆ ಕಾಡು. ಈ ಇಳಿಜಾರೇ ಹಕ್ಕಿಗಳ ಊಟದ ಪಂಕ್ತಿ. ಯಾರ ಕಾಲು ಎಷ್ಟುದ್ದ, ಯಾರ ಕೊಕ್ಕು ಎಂಥದ್ದು ಅನ್ನುವುದರ ಮೇಲೆ ಅವರವರ ಎಲೆ ಹಾಕಲಾಗಿದೆ.

ಏರಿಯ ಕಡೆಯಿಂದ ಶುರು ಮಾಡೋಣ. ಆಳದ ನೀರು ಮುಳುಗು ಹಾಕುವವರದ್ದು. ನೀರುಕಾಗೆ ಮೀನನ್ನು ನೀರಿನೊಳಗೆ ಅಟ್ಟಿಸಿಕೊಂಡು ಹೋಗುತ್ತದೆ. ಹಾವಕ್ಕಿ ಇನ್ನೂ ನಿಧಾನವಾಗಿ ಒಳಗೇ ಸಾಗಿ ಈಟಿಯಂಥ ಕೊಕ್ಕಿನಿಂದ ಚುಚ್ಚುತ್ತದೆ. ಈಜುವಾಗ ಮೈಯೆಲ್ಲ ನೀರೊಳಗಿದ್ದು ಕತ್ತು ಮಾತ್ರ ಮೇಲೆ ಕಾಣುವುದರಿಂದ ಆ ಹೆಸರು. ಹಾವಕ್ಕಿಯ ಗರಿ ನೀರು ಕುಡಿಯುತ್ತದೆ. ಗರಿ ನೆನೆದು ಭಾರವಾದರೆ ಮುಳುಗುವುದು ಸುಲಭ, ಆದರೆ ಮೇಲೆ ಬಂದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳಲೇಬೇಕು. ಕೆರೆಯ ನಡುವೆ ಒಂದು ಒಣಮರ ಇದ್ದರೆ ಅದರ ಮೇಲೆ ಬಟ್ಟೆ ಒಣಹಾಕಿದಂತೆ ಇವು ಕೂತಿರುವುದು ಅದಕ್ಕೇ. ಆ ಒಣಮರವನ್ನು ಚೊಕ್ಕಟ ಮಾಡುವ ಹುರುಪಿನಲ್ಲಿ ಕಡಿದುಹಾಕಿದರೆ ಹಾವಕ್ಕಿಗೆ ಮೀನಿದ್ದೂ ಉಪಯೋಗವಿಲ್ಲ. ಗುಳುಮುಳುಕ ಅಂಗೈಯಗಲದ ಪುಟ್ಟ ಹಕ್ಕಿ. ಅದರ ಕಾಲು ದೇಹದ ತೀರಾ ಹಿಂಬದಿಗೆ ಜೋಡಿಸಿದಂತಿದೆ, ದೋಣಿಯ ಹುಟ್ಟಿನ ಹಾಗೆ. ನೀರಲ್ಲಿ ಅದಕ್ಕೆ ಸಮನಿಲ್ಲ, ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲೂ ತಡವರಿಸುತ್ತದೆ. ಹೆಜ್ಜಾರ್ಲೆ ಮುಳುಗುವುದಿಲ್ಲ, ತೇಲುತ್ತಲೇ ಗಂಟಲ ಚೀಲವನ್ನು ಬಲೆಯಂತೆ ಬೀಸಿ ನೀರು ಸಮೇತ ಮೀನು ಮೊಗೆದು, ನೀರು ಸೋರಿಸಿ ನುಂಗುತ್ತದೆ. ಹಲವು ಹೆಜ್ಜಾರ್ಲೆಗಳು ಸಾಲಾಗಿ ಮೀನನ್ನು ತಗ್ಗು ನೀರಿನ ಕಡೆ ಒತ್ತರಿಸಿಕೊಂಡು ಬರುವುದನ್ನು ನೋಡಿದರೆ ಬೆಸ್ತರು ಬಲೆ ಎಳೆದಂತೆಯೇ ಕಾಣುತ್ತದೆ.

ಮೊಣಕಾಲುದ್ದದ ನೀರಿನಲ್ಲಿ ದೊಡ್ಡ ಕಾಲಿನವರು ನಿಂತಿರುತ್ತಾರೆ. ಬೂದು ಬಕ ಕದಲದೆ ಕಾಯುತ್ತದೆ. ಬಣ್ಣದ ಕೊಕ್ಕರೆ ಬಾಯಿ ಅರ್ಧ ತೆರೆದು ಕೊಕ್ಕನ್ನು ನೀರೊಳಗೆ ಇಟ್ಟುಕೊಂಡು, ಒಂದು ಕಾಲಿನಿಂದ ಕೆಸರು ಕಲಕುತ್ತದೆ. ಗಾಬರಿಯಾಗಿ ಓಡಿದ ಮೀನು ಕೊಕ್ಕಿಗೆ ತಾಗಿದೊಡನೆ ಬಾಯಿ ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಕದಡಿದ ನೀರಿನಲ್ಲೂ ಅದು ಬೇಟೆಯಾಡಬಲ್ಲದು. ಚಮಚದ ಕೊಕ್ಕಿನ ಹಕ್ಕಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಕುಡುಗೋಲು ಬೀಸಿದಂತೆ ಬೀಸುತ್ತಾ ನಡೆಯುತ್ತದೆ. ಬಾಯ್ಕಳಕ ಕೊಕ್ಕರೆಯ ಎರಡು ಕೊಕ್ಕುಗಳ ನಡುವೆ ಸಂದು ಇದೆ, ಅಡಕೆ ಕತ್ತರಿಯ ಹಾಗೆ. ಆ ಸಂದಿನಲ್ಲಿಟ್ಟು ಬಸವನಹುಳುವನ್ನು ಒಡೆಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಚಿಪ್ಪು ಒಡೆಯುವುದಿಲ್ಲ. ಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ ಒಳಗಿನ ಸ್ನಾಯು ಕತ್ತರಿಸಿ ಮಾಂಸವನ್ನು ಎಳೆದುಕೊಳ್ಳುತ್ತದೆ. ಅದು ಊಟ ಮಾಡಿ ಎದ್ದ ಜಾಗಕ್ಕೆ ಹೋಗಿ ನೋಡಿ, ಇಡಿ ಇಡಿಯಾದ ಖಾಲಿ ಚಿಪ್ಪುಗಳು ಬಿದ್ದಿರುತ್ತವೆ.

ಗೇಣುದ್ದಕ್ಕಿಂತ ಕಡಿಮೆ ನೀರಿಗೆ ಬಂದಾಗ ಜನ ಜಾಸ್ತಿಯಾಗುತ್ತಾರೆ. ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಕೊಳಬಕ. ಚಿಕ್ಕ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಮಾತ್ರ ಹಳದಿ. ಆ ಹಳದಿ ಬೆರಳುಗಳನ್ನು ನಡುಗಿಸಿ ಮೀನನ್ನು ಎಬ್ಬಿಸುತ್ತದೆ. ಬೆಳ್ಳಕ್ಕಿ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ನಾಲ್ಕು ಬೇರೆ ಜಾತಿಗಳನ್ನು. ಕೊಕ್ಕಿನ ಬಣ್ಣ, ಪಾದದ ಬಣ್ಣ, ಕತ್ತಿನ ಉದ್ದ ಮೂರನ್ನೂ ನೋಡಿದರೆ ಒಂದೆರಡು ವಾರದಲ್ಲಿ ಕೈಗೆ ಸಿಗುತ್ತದೆ. ನೀರಿನ ಮೇಲೆ ತಾವರೆ, ನೈದಿಲೆ ಎಲೆ ಹರಡಿದ್ದರೆ ದೇವನಕ್ಕಿಯನ್ನು ಹುಡುಕಿ. ಅದರ ಬೆರಳುಗಳು ಮೈಗೆ ಹೋಲಿಸಿದರೆ ವಿಪರೀತ ಉದ್ದ. ಭಾರ ಹಂಚಿಹೋಗುವುದರಿಂದ ಎಲೆ ಮುಳುಗುವುದಿಲ್ಲ. ಇದರಲ್ಲಿ ಹೆಣ್ಣು ಮೊಟ್ಟೆಯಿಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ, ಕಾವು ಕೂರುವುದೂ ಮರಿ ಸಾಕುವುದೂ ಗಂಡಿನ ಕೆಲಸ.

ಇನ್ನು ಕೆಸರು. ನನ್ನ ಮಟ್ಟಿಗೆ ಕೆರೆಯ ಪ್ರಾಣ ಇರುವುದು ಇಲ್ಲಿ. ನೋಡಲು ಏನೂ ಇಲ್ಲದ, ಕಂದು ಬಣ್ಣದ, ಸ್ವಲ್ಪ ವಾಸನೆಯ ಬಯಲು. ದುರ್ಬೀನು ಕಣ್ಣಿಗಿಟ್ಟು ಒಂದು ನಿಮಿಷ ಸುಮ್ಮನಿದ್ದರೆ ಆ ಕೆಸರು ಓಡಾಡತೊಡಗುತ್ತದೆ. ಪುಟ್ಟ ಪ್ಲೋವರ್‌ಗಳು ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು ಕುಕ್ಕುತ್ತವೆ. ಅವು ಕಣ್ಣಿನಿಂದ ಹುಳ ಹುಡುಕುವವು, ಅದಕ್ಕೇ ಕಣ್ಣು ದೊಡ್ಡದು, ಕೊಕ್ಕು ಮೋಟು. ಗದ್ದೆಗೊರವಗಳು ನಡೆಯುತ್ತಲೇ ಅಲ್ಲಲ್ಲಿ ಚುಚ್ಚುತ್ತವೆ. ಸ್ನೈಪ್ ಹಕ್ಕಿ ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ ಹೊಲಿಗೆ ಯಂತ್ರದ ಸೂಜಿಯಂತೆ ಆಡಿಸುತ್ತದೆ. ಆ ಕೊಕ್ಕಿನ ತುದಿಗೆ ಸ್ಪರ್ಶದ ಅರಿವಿದೆ, ತುದಿಯನ್ನಷ್ಟೇ ಬಾಗಿಸಿ ತೆರೆಯಲೂ ಬರುತ್ತದೆ. ಕೆಸರಿನ ಒಂದೇ ಗಜ ಜಾಗದಲ್ಲಿ ಮೇಲ್ಪದರದ ಹುಳ ಒಬ್ಬರಿಗೆ, ಬೆರಳಾಳದ್ದು ಇನ್ನೊಬ್ಬರಿಗೆ, ಅದಕ್ಕೂ ಕೆಳಗಿನದು ಮತ್ತೊಬ್ಬರಿಗೆ. ಜಗಳವಾಡದೆ ನೂರಾರು ಹಕ್ಕಿ ಒಟ್ಟಿಗೆ ಉಣ್ಣುವುದು ಹೀಗೆ. ಇವುಗಳಲ್ಲಿ ಲಿಟ್ಲ್ ಸ್ಟಿಂಟ್ ಎಂಬ ಹಕ್ಕಿ ಗುಬ್ಬಚ್ಚಿಗಿಂತ ದೊಡ್ಡದಲ್ಲ, ತೂಕ ಇಪ್ಪತ್ತೈದು ಗ್ರಾಂ ಆಸುಪಾಸು. ಅದು ಮೊಟ್ಟೆಯಿಡುವುದು ಉತ್ತರ ಧ್ರುವದ ಅಂಚಿನ ಟಂಡ್ರಾದಲ್ಲಿ. ಅಲ್ಲಿನ ಮಣ್ಣು ಹೆಪ್ಪುಗಟ್ಟಿ ಹುಳ ಸಿಗದಂತಾದಾಗ ಹಾರಿ ಹಾರಿ ನಮ್ಮ ಊರಿನ ದನ ತುಳಿದ ಕೆಸರಿಗೆ ಬಂದಿಳಿಯುತ್ತದೆ. ಆ ಕೆಸರನ್ನು ಪಾಳು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇಷ್ಟು ತಿಳಿದರೆ ತಿಂಗಳ ಲೆಕ್ಕವೂ ಅರ್ಥವಾಗುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸರಿಸುಮಾರು 1000 ಮಿಲಿಮೀಟರ್ ಮಳೆ. ಕರಾವಳಿ, ಮಲೆನಾಡಿನಂತೆ ಜುಲೈನಲ್ಲಿ ಸುರಿದು ಮುಗಿಯುವುದಿಲ್ಲ. ಇಲ್ಲಿ ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್, ಆಗಸ್ಟ್ ಮತ್ತು ಅಕ್ಟೋಬರ್ ಅದರ ಹಿಂದೆ ಮುಂದೆ. ಅಂದರೆ ಕೆರೆ ತುಂಬುವುದು ಮಳೆಗಾಲದ ಕೊನೆಗೆ. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯ ವಲಸೆ ಹಕ್ಕಿಗಳು ಬರತೊಡಗುವುದೂ ಆಗಲೇ. ಮೊದಲು ಸಿಪಿಲೆಗಳು, ಗದ್ದೆಗೊರವಗಳು ಕಾಣಿಸಿಕೊಳ್ಳುತ್ತವೆ. ಆದರೆ ತುಂಬಿದ ಕೆರೆಯಲ್ಲಿ ಕೆಸರು ಇರುವುದಿಲ್ಲ, ನೀರು ಹುಲ್ಲಿನವರೆಗೂ ಏರಿರುತ್ತದೆ. ನವೆಂಬರ್‌ನಲ್ಲಿ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಶವೆಲರ್ ಇಳಿಯುತ್ತವೆ. ಬಾತುಗಳಿಗೆ ತೆರೆದ ನೀರು ಬೇಕು. ಶವೆಲರ್‌ನ ಕೊಕ್ಕು ಸಟ್ಟುಗದಂತೆ ಅಗಲ, ಅಂಚಿನಲ್ಲಿ ಬಾಚಣಿಗೆಯಂಥ ಜಾಲರಿ. ನೀರನ್ನು ಸೋಸಿ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತದೆ. ಸುಗ್ಗಿ ಮುಗಿದು ಜನವರಿ ಬರುವಷ್ಟರಲ್ಲಿ ಬಿಸಿಲಿಗೂ ಬೇಸಾಯಕ್ಕೂ ನೀರು ಇಳಿದು ಹಿನ್ನೀರಿನ ಕಡೆ ದಿನಕ್ಕೊಂದಿಷ್ಟು ಹೊಸ ಕೆಸರು ತೆರೆದುಕೊಳ್ಳುತ್ತದೆ. ದಿನವೂ ಹೊಸ ಎಲೆ ಹಾಕಿದಂತೆ. ಜನವರಿಯಿಂದ ಮಾರ್ಚ್‌ವರೆಗೆ ಹಿನ್ನೀರಿನಲ್ಲಿ ಜನಸಂದಣಿ ಅದಕ್ಕೇ. ನೀರಿನ ಅಂಚು ದಿನಾ ಸರಿಯುವುದರಿಂದ ಹಕ್ಕಿಗಳೂ ಸರಿಯುತ್ತವೆ. ಕಳೆದ ವಾರ ಸ್ನೈಪ್ ಕಂಡ ಜಾಗದಲ್ಲೇ ಈ ವಾರ ಹುಡುಕಿದರೆ ಸಿಗುವುದಿಲ್ಲ. ಅದು ನೀರಿನ ಜೊತೆ ಇಪ್ಪತ್ತು ಹೆಜ್ಜೆ ಆಚೆ ಹೋಗಿರುತ್ತದೆ.

ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಜನವರಿಯಲ್ಲೇ ನಡೆಯುತ್ತಾ ಬಂದಿದೆ. ಆ ತಿಂಗಳು ಬಂದವರು ಬಂದಾಗಿರುತ್ತಾರೆ, ಹೋಗುವವರು ಇನ್ನೂ ಹೊರಟಿರುವುದಿಲ್ಲ, ಎಣಿಕೆ ಏರುಪೇರಿಲ್ಲದೆ ಸಿಗುತ್ತದೆ.

ಈಗ ಬೆನ್ನು ತಿರುಗಿಸಿ ಕಾಡಿನ ಕಡೆ ನೋಡಿ. ಬೆಂಗಳೂರಿನ ಸುತ್ತ ಇರುವುದು ಮಲೆನಾಡಿನ ಕಾಡಲ್ಲ. ಬನ್ನೇರುಘಟ್ಟ, ಸಾವನದುರ್ಗ, ತುರಹಳ್ಳಿಯಂಥ ಕಡೆ ಇರುವುದು ಒಣ ಎಲೆಯುದುರುವ ಕಾಡು, ಅದರ ಅಂಚಿನಲ್ಲಿ ಕುರುಚಲು. ಜಾಲಿ, ಬೋರೆ, ಕಾರೆ, ಬಂದರಿಕೆ, ನಡುನಡುವೆ ಹೊಂಗೆ, ಬೇಲ, ಬಂಡೆ ಸಂದಿನಲ್ಲಿ ಬಸರಿ, ಗೋಣಿ. ಹೊರಗಿನಿಂದ ಬಂದವರಿಗೆ ಇದು ಬರಡು. ಹಕ್ಕಿಗೆ ಇದು ಮಹಡಿ ಮನೆ. ನೆಲದಲ್ಲಿ ಗೌಜಲಹಕ್ಕಿ, ತರಗೆಲೆ ಕೆದಕುವ ಹರಟೆಮಲ್ಲಗಳ ಗುಂಪು. ಮುಳ್ಳುಪೊದೆಯ ಒಳಗೆ ಪಿಕಳಾರದ ಗೂಡು, ಬೆಕ್ಕಿಗೂ ಹಾವಿಗೂ ಸುಲಭವಾಗಿ ಸಿಗದಂತೆ. ನಡುಕೊಂಬೆಯಲ್ಲಿ ಬಾಲದಂಡೆ, ತುದಿಯಲ್ಲಿ ಕಾಜಾಣ, ಒಣಗಿದ ಕಾಂಡದ ಪೊಟರೆಯಲ್ಲಿ ಹಾಲಕ್ಕಿ. ಬುಡುಬುಡಿಕೆಯವರು ನಸುಕಿನಲ್ಲಿ ಬಂದು ಹಾಲಕ್ಕಿ ನುಡಿಯಿತು ಅನ್ನುತ್ತಿದ್ದರಲ್ಲ, ಆ ಪುಟ್ಟ ಗೂಬೆಯೇ ಇದು.

ಕುರುಚಲಿನಲ್ಲಿ ಹಕ್ಕಿಗೂ ಗಿಡಕ್ಕೂ ಇರುವ ನಂಟನ್ನು ಒಂದೇ ಉದಾಹರಣೆಯಲ್ಲಿ ಹೇಳಬೇಕೆಂದರೆ ಬದನಿಕೆಯನ್ನು ಹೇಳುತ್ತೇನೆ. ಮಾವಿನ ಮರ, ಹೊಂಗೆ ಮರದ ಕೊಂಬೆಯ ಮೇಲೆ ಬೇರೆ ಗಿಡವೊಂದು ಬೇರೂರಿ ಬೆಳೆದಿರುವುದನ್ನು ನೀವು ನೋಡಿರುತ್ತೀರಿ. ಅದೇ ಬದನಿಕೆ, ಪರಾವಲಂಬಿ. ಅದರ ಹಣ್ಣು ತಿನ್ನುವ ಹಕ್ಕಿಗೂ ಕನ್ನಡದಲ್ಲಿ ಬದನಿಕೆ ಹಕ್ಕಿಯೆಂದೇ ಹೆಸರು. ಹೆಬ್ಬೆರಳಿನಷ್ಟು ಹಕ್ಕಿ, ಬಣ್ಣವೂ ಮಂಕು, 'ಟಿಕ್ ಟಿಕ್' ಸದ್ದು ಕೇಳದಿದ್ದರೆ ಇದೆ ಎಂದೇ ಗೊತ್ತಾಗುವುದಿಲ್ಲ. ಹಣ್ಣಿನೊಳಗಿನ ಬೀಜ ಅಂಟಂಟು. ಹೊಟ್ಟೆಯಿಂದ ಹೊರಬಂದ ಮೇಲೂ ಆ ಅಂಟು ಹೋಗಿರುವುದಿಲ್ಲ, ಹಕ್ಕಿ ಕೊಂಬೆಗೆ ಹಿಂಬದಿ ಉಜ್ಜಿ ಅದನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಬೀಜ ಹತ್ತಬೇಕಾದ ಜಾಗಕ್ಕೇ ಹತ್ತುತ್ತದೆ. ಹೆಸರಿಟ್ಟವರು ಗಿಡವನ್ನೂ ಹಕ್ಕಿಯನ್ನೂ ಒಟ್ಟಿಗೆ ನೋಡಿದ್ದರು ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಫೆಬ್ರವರಿ, ಮಾರ್ಚ್‌ನಲ್ಲಿ ಎಲೆಯೆಲ್ಲ ಉದುರಿ ಮುತ್ತುಗ ಹೂಬಿಟ್ಟಾಗ ಒಂದು ಮರದ ಕೆಳಗೆ ಗಂಟೆ ಕೂತರೆ ಸಾಕು. ಸೂರಕ್ಕಿ, ಪಿಕಳಾರ, ಕಾಜಾಣ, ಗಿಳಿ, ಕಬ್ಬಕ್ಕಿ, ಪೂರ್ವ ಯುರೋಪು ಮತ್ತು ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಮೈಯ ಕಬ್ಬಕ್ಕಿಗಳ ಹಿಂಡು, ಎಲ್ಲವೂ ಒಂದೇ ಮರಕ್ಕೆ ಬರುತ್ತವೆ. ಆಲ, ಅತ್ತಿ, ಗೋಣಿಗಳ ಹಣ್ಣಿನ ಕಾಲ ಮರದಿಂದ ಮರಕ್ಕೆ ಬೇರೆ. ಹಣ್ಣಿರುವ ಒಂದು ಮರ ಪತ್ತೆಯಾದರೆ ಕುಟ್ರುಹಕ್ಕಿ, ಹೊನ್ನಕ್ಕಿಗಳನ್ನು ಹುಡುಕುವ ಅಗತ್ಯವೇ ಇಲ್ಲ.

ಕೆರೆಯೂ ಕಾಡೂ ಅಕ್ಕಪಕ್ಕ ಇರುವುದರಿಂದ ಎರಡರ ಪಟ್ಟಿ ಕೂಡಿ ಬರುತ್ತದೆ ಅನ್ನುವುದು ಅರ್ಧ ಸತ್ಯ. ಎರಡೂ ಬೇಕಾದ ಹಕ್ಕಿಗಳು ಬಹಳ ಇವೆ. ಬಕ, ಕೊಕ್ಕರೆ, ನೀರುಕಾಗೆಗಳು ಉಣ್ಣುವುದು ನೀರಿನಲ್ಲಿ, ಗೂಡು ಕಟ್ಟುವುದು ಮರದಲ್ಲಿ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರಿನ ಹುಣಸೆ, ಆಲದ ಮರಗಳಲ್ಲಿ ಗೂಡು ಕಟ್ಟಿ, ಮರಿಗಳಿಗೆ ಮೀನನ್ನು ಸುತ್ತಲಿನ ಕೆರೆ, ಹೊಳೆಗಳಿಂದ ತರುತ್ತವೆ. ಮರ ಉಳಿದು ಕೆರೆ ಹೋದರೂ, ಕೆರೆ ಉಳಿದು ಮರ ಹೋದರೂ ಅವು ಇರುವುದಿಲ್ಲ. ಮಿಂಚುಳ್ಳಿಗೆ ಗೂಡು ತೋಡಲು ಲಂಬವಾದ ಮಣ್ಣಿನ ದರೆ ಬೇಕು, ಅದು ಕಾಡಿನ ಹಳ್ಳದಲ್ಲಿ ಸಿಗುತ್ತದೆ. ಗೀಜಗ ಜೊಂಡಿನ ಎಲೆ ಸೀಳಿ ತಂದು ನೀರಿನ ಮೇಲೆ ಬಾಗಿದ ಜಾಲಿ ಕೊಂಬೆಗೆ ಗೂಡು ನೇಯುತ್ತದೆ, ಕಾಳು ರಾಗಿ ಹೊಲದ್ದು. ಸೆಳೆವ ಎಂಬ ಬೇಟೆಹಕ್ಕಿ ರಾತ್ರಿ ಹುಲ್ಲುಗಾವಲಿನಲ್ಲಿ ಮಲಗಿ ಹಗಲು ಜೊಂಡಿನ ಮೇಲೆ ಹಾರಾಡುತ್ತದೆ. ಆ ನಡುವಿನ ಗೋಮಾಳ, ಗುಂಡುತೋಪು, ಹೊಲದ ಬದುಗಳೇ ಎರಡನ್ನೂ ಹೊಲಿದಿರುವ ದಾರ.

ಹೆಸರಘಟ್ಟದಲ್ಲಿ ಇದನ್ನು ದೊಡ್ಡ ಅಳತೆಯಲ್ಲಿ ನೋಡಬಹುದು. ಬೆಂಗಳೂರಿಗೆ ನೀರು ತರಲು 1894ರಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆ ಒಂದು ಕಡೆ, ಅದರ ಬಗಲಲ್ಲಿ ಹುಲ್ಲುಗಾವಲು. ಮರವಿಲ್ಲದ ಬಯಲೆಂದರೆ ಖಾಲಿ ಜಾಗ ಎಂದು ಭಾವಿಸುವ ರೂಢಿ ನಮ್ಮಲ್ಲಿದೆ. ಹಸಿರು ಮಾಡುತ್ತೇವೆ ಎಂದು ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಸಿ ನೆಟ್ಟರೆ ನೆಲಗುಬ್ಬಿ, ಸೆಳೆವಗಳಿಗೆ ಮನೆ ಹೋದಂತೆಯೇ. ಅದನ್ನು ಉಳಿಸಬೇಕೆಂದು ಹಲವರು ವರ್ಷಗಟ್ಟಲೆ ಓಡಾಡಿದ ಮೇಲೆ, ಐದು ಸಾವಿರ ಎಕರೆಗೂ ಮೀರಿದ ಆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿತು. ಆ ಸುದ್ದಿ ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ನೋಡುವ ಬಗೆ ಹೇಗೆ? ದುರ್ಬೀನಿನ ಮೇಲೆ 8x42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಎದುರಿನ ಗಾಜಿನ ಅಡ್ಡಳತೆ 42 ಮಿಲಿಮೀಟರ್ ಎಂದು ಅರ್ಥ. ಹತ್ತು, ಹನ್ನೆರಡು ಪಟ್ಟು ಎಂದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಪಟ್ಟು ಹೆಚ್ಚಾದ ಹಾಗೆ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ನೋಟದ ಅಗಲ ಕಿರಿದಾಗುತ್ತದೆ. ಪೊದೆಯೊಳಗಿನ ಹಕ್ಕಿಗೆ ಎಂಟೇ ಸರಿ. ಸೂರ್ಯನನ್ನು ಬೆನ್ನಿಗೆ ಹಾಕಿಕೊಳ್ಳಿ. ಬೆಳಗಿನ ಹೊತ್ತು ಕೆರೆಯ ಪೂರ್ವದ ದಡದಲ್ಲಿ ನಿಂತರೆ ಅದು ತಾನಾಗಿ ಆಗುತ್ತದೆ.

ಬಣ್ಣ ನಂಬಬೇಡಿ, ನಡವಳಿಕೆ ನಂಬಿ. ಕೆಸರಿನ ಮೂರು ಗದ್ದೆಗೊರವಗಳು ಚಿತ್ರದಲ್ಲಿ ಒಂದೇ ತರಹ. ಕೆರೆಯಲ್ಲಿ ಅವುಗಳ ಗುಣವೇ ಬೇರೆ. ಹಿಂಬದಿಯನ್ನು ಸದಾ ಕುಣಿಸುತ್ತಾ ತೂಬಿನ ಕಲ್ಲಿನ ಮೇಲೆ ಒಂಟಿಯಾಗಿದ್ದು, ಎಬ್ಬಿಸಿದರೆ ನೀರಿಗೆ ತಾಗಿದಂತೆ ರೆಕ್ಕೆ ಅದುರಿಸುತ್ತಾ ಹೋಗುವುದು ಸಾಮಾನ್ಯ ಗದ್ದೆಗೊರವ, ಭುಜದ ಬಳಿ ಬಿಳಿ ಬಣ್ಣ ಮೇಲಕ್ಕೆ ನುಗ್ಗಿರುತ್ತದೆ. ಬೆನ್ನ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆ, ಕಣ್ಣ ಮೇಲೆ ಉದ್ದ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು, ಗುಂಪಿನಲ್ಲಿದ್ದರೆ ಅಡವಿ ಗದ್ದೆಗೊರವ. ಕಾಡಿನ ಕಡೆಯ ಸಣ್ಣ ಹೊಂಡದಲ್ಲಿ ಒಂಟಿಯಾಗಿದ್ದು, ಕಡುಗಪ್ಪು ಬೆನ್ನು, ಹಾರಿದಾಗ ಹಿಂಬದಿ ಫಳಕ್ಕನೆ ಬಿಳಿ ಮಿಂಚಿದರೆ ಹಸಿರು ಗದ್ದೆಗೊರವ.

ಕಾಡಿನಲ್ಲಿ ಕಿವಿಗೆ ಕೆಲಸ ಹೆಚ್ಚು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಪೊದೆಯೊಳಗಿಂದ 'ಚಕ್… ಚಕ್' ಎಂದು ಎರಡು ಕಲ್ಲು ತಾಗಿಸಿದಂತೆ ಕೇಳಿದರೆ ಅದು ಬ್ಲಿತ್ಸ್ ರೀಡ್ ವಾರ್ಬ್ಲರ್. ಯಾವ ಗುರುತೂ ಇಲ್ಲದ ಕಂದು ಹಕ್ಕಿ. ಚಳಿಗಾಲದ ಬೆಂಗಳೂರಿನಲ್ಲಿ ಅತಿ ಸಾಮಾನ್ಯವಾದ ಅತಿಥಿಗಳಲ್ಲಿ ಒಂದು, ನೋಡಿದವರು ಬಹಳ ಕಡಿಮೆ. ಕಾಡೊಳಗೆ ಮೌನವಿದ್ದರೆ ಕಾಯಬೇಕು. ಹಲವು ಜಾತಿಯ ಸಣ್ಣ ಹಕ್ಕಿಗಳು ಒಂದೇ ಮೆರವಣಿಗೆಯಾಗಿ ಮೇಯುತ್ತಾ ಬರುತ್ತವೆ. ಒಬ್ಬರು ಎಬ್ಬಿಸಿದ ಹುಳ ಇನ್ನೊಬ್ಬರಿಗೆ, ಹದ್ದು ಬಂದರೆ ಹತ್ತು ಕಣ್ಣುಗಳ ಕಾವಲು. ಐದು ನಿಮಿಷದಲ್ಲಿ ಹದಿನೈದು ಜಾತಿ ದಾಟಿಹೋಗಿ ಮತ್ತೆ ಮೌನ. ಒಂದು ಎಚ್ಚರಿಕೆ: ಬನ್ನೇರುಘಟ್ಟ 1974ರಿಂದ ರಾಷ್ಟ್ರೀಯ ಉದ್ಯಾನ, ಆನೆಗಳಿರುವ ಕಾಡು. ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು, ನಸುಕಿನಲ್ಲಂತೂ ಅಂಚಿನ ದಾರಿಯಲ್ಲೂ ಊರಿನವರನ್ನು ಕೇಳಿಯೇ ಹೋಗಬೇಕು. ಹಕ್ಕಿಗೆ ಅಂಚೇ ಸಾಕು.

ನೋಡಿದ್ದನ್ನು ಬರೆದಿಡಿ. ಈ-ಬರ್ಡ್‌ನಂಥ ಜಾಲತಾಣಕ್ಕೆ ಪಟ್ಟಿ ಹಾಕುವಾಗ ಅಪರೂಪದ್ದನ್ನಷ್ಟೇ ಹಾಕುವುದು ತಪ್ಪು. ಕಾಗೆ, ಮೈನಾ, ಗೋವಕ್ಕಿ ಎಲ್ಲವನ್ನೂ ಎಣಿಸಿ, ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂದು ಬರೆದರೆ ಮಾತ್ರ ಆ ಪಟ್ಟಿಯಿಂದ ಲೆಕ್ಕ ಹಾಕಬಹುದು. ಹೀಗೆ ಸಾವಿರಾರು ಜನ ಕೊಟ್ಟ ಪಟ್ಟಿಗಳಿಂದಲೇ 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿತು. ಇಳಿಕೆ ಎದ್ದು ಕಾಣುವ ಗುಂಪುಗಳಲ್ಲಿ ಬಯಲಿನ ಹಕ್ಕಿಗಳು, ಬಾತುಗಳು, ಕೆಸರಿನ ವಲಸೆ ಹಕ್ಕಿಗಳಿವೆ. ನಾನು ಮೇಲೆ ಬರೆದ ಹಿನ್ನೀರಿನ ಪಂಕ್ತಿಯಲ್ಲಿ ಕೂತವರೇ ಅವರು.

ಕಾರಣಗಳಲ್ಲಿ ಒಂದನ್ನು ನಾವು ಕಣ್ಣಾರೆ ಕಾಣಬಹುದು. ಕೆರೆ ಅಭಿವೃದ್ಧಿ ಎಂದರೆ ಹೂಳು ತೆಗೆದು, ಸುತ್ತಲೂ ಒಂದೇ ಎತ್ತರದ ದಡ ಕಟ್ಟಿ, ಕಲ್ಲು ಹಾಸಿ, ನಡಿಗೆ ದಾರಿ, ದೀಪದ ಕಂಬ ಹಾಕುವುದು ಎಂದಾಗಿದೆ. ಇಳಿಜಾರಿದ್ದ ಕೆರೆ ಬಾಣಲೆಯಾಗುತ್ತದೆ. ದಡದಿಂದ ಒಂದು ಹೆಜ್ಜೆ ಇಟ್ಟರೆ ಎದೆಯುದ್ದ ನೀರು. ನೀರು ಬೇಕಾದಷ್ಟಿದೆ, ಚೆಂದವೂ ಕಾಣುತ್ತದೆ, ಆದರೆ ಮೊಣಕಾಲಿನ ಪಂಕ್ತಿಯೂ ಇಲ್ಲ, ಬೆರಳಿನ ಪಂಕ್ತಿಯೂ ಇಲ್ಲ, ಕೆಸರಂತೂ ಇಲ್ಲವೇ ಇಲ್ಲ. ಉಳಿಯುವುದು ಮುಳುಗು ಹಾಕುವವರು ಮಾತ್ರ. ಮಾಡುವವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕೊಳಚೆ ತುಂಬಿದ ಕೆರೆಗಿಂತ ಅದು ಎಷ್ಟೋ ಮೇಲು. ಹಿನ್ನೀರಿನ ಮೂರನೇ ಒಂದು ಭಾಗವನ್ನು ಅಗೆಯದೆ, ಕಲ್ಲು ಹಾಸದೆ, ದೀಪ ಹಾಕದೆ ಹಾಗೇ ಬಿಟ್ಟರೆ ಸಾಕು, ಖರ್ಚೂ ಕಡಿಮೆ. ಜಕ್ಕೂರು ಕೆರೆಗೆ ಸಂಸ್ಕರಿಸಿದ ನೀರು ಜೊಂಡು ಬೆಳೆದ ತಗ್ಗಿನ ಮೂಲಕ ಬಂದು ಸೇರುವಂತೆ ಮಾಡಿದ್ದಾರೆ. ಆ ಜೊಂಡಿನ ಭಾಗದಲ್ಲಿ ನೇರಳೆ ಜಂಬುಕೋಳಿ, ಮಿಂಚು ಕೆಂಬರಲುಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಹಕ್ಕಿಗಳಿಗೆಂದೇ ಸಂರಕ್ಷಣಾ ಮೀಸಲು ಮಾಡಿದ್ದಾರೆ.

ನಾನು ಹೋಗುವ ಕೆರೆಯ ಹೆಸರು ಬರೆಯದೇ ಬಿಟ್ಟಿದ್ದೇನೆ, ಅದಕ್ಕೆ ಕಾರಣವಿದೆ. ಅದರ ಹಿಂದಿನ ಬಂಡೆಯಲ್ಲಿ ಕೊಂಬಿನ ಗೂಬೆ ಮರಿ ಮಾಡಿತ್ತು. ಯಾರೋ ಚಿತ್ರದ ಜೊತೆ ಜಾಗವನ್ನೂ ಹಾಕಿದರು. ಮುಂದಿನ ಭಾನುವಾರ ಬಂಡೆಯ ಕೆಳಗೆ ಇಪ್ಪತ್ತು ಕ್ಯಾಮೆರಾ ಇದ್ದವು, ಫೋನಿನಲ್ಲಿ ಗೂಬೆಯ ಕೂಗು ಹಾಕುತ್ತಿದ್ದರು. ತಾಯಿ ಎರಡು ಗಂಟೆ ಗೂಡಿಗೆ ಮರಳಲಿಲ್ಲ, ಮರಿಗಳು ಬಿಸಿಲಲ್ಲಿ ಬಾಯಿ ತೆರೆದು ಕೂತಿದ್ದವು. ಮರುವರ್ಷ ಆ ಬಂಡೆ ಖಾಲಿ. ಗೂಡಿನ ಜಾಗ ಹೇಳಬೇಡಿ, ಕೂಗು ಹಾಕಿ ಕರೆಯಬೇಡಿ. ನಿಮ್ಮ ಊರಿಗೆ ಹತ್ತಿರದ ಕೆರೆಯನ್ನೇ ಹಿಡಿದು, ತಿಂಗಳಿಗೆರಡು ಸಲ ಅದಕ್ಕೇ ಹೋಗಿ. ಹತ್ತು ಜಾಗ ಒಂದೊಂದು ಸಲ ನೋಡುವುದಕ್ಕಿಂತ ಒಂದು ಜಾಗ ಇಪ್ಪತ್ತನಾಲ್ಕು ಸಲ ನೋಡಿದವರಿಗೆ ಹೆಚ್ಚು ತಿಳಿಯುತ್ತದೆ.

ಈ ಬಾರಿ ಏಪ್ರಿಲ್ ಕೊನೆಗೆ ಹೋದಾಗ ಹಿನ್ನೀರು ಪೂರಾ ಒಣಗಿ ಬಿರುಕು ಬಿಟ್ಟಿತ್ತು. ಬಾತುಗಳು ಹೋಗಿ ಆಗಿತ್ತು, ಗದ್ದೆಗೊರವ ಒಂದೇ ಉಳಿದಿತ್ತು. ಕೊಳಬಕಗಳ ಬೆನ್ನು ಮಣ್ಣು ಬಣ್ಣ ಬಿಟ್ಟು ಕಡುಗೆಂಪಾಗಿತ್ತು, ಅವಕ್ಕೆ ಜೊತೆ ಹುಡುಕುವ ಕಾಲ. ಕೆರೆಯಂಗಳದ ನಡುವೆ ಊರ ಹುಡುಗರ ಕ್ರಿಕೆಟ್ ನಡೆದಿತ್ತು. ಅದರಾಚೆ ಟಿಟ್ಟಿಭವೊಂದು ನೆತ್ತಿಯ ಮೇಲೆ ಕೂಗುತ್ತಾ ಸುತ್ತುತ್ತಿತ್ತು. ಬಿರುಕುಗಳ ನಡುವೆ, ಬರೀ ನೆಲದ ಮೇಲೆ, ನಾಲ್ಕು ಮೊಟ್ಟೆ, ಮಣ್ಣಿನ ಹೆಂಟೆಯದೇ ಬಣ್ಣ. ಸುತ್ತಲೂ ಯಾರೋ ಇಟ್ಟಿಗೆ ಚೂರು ಇಟ್ಟು ಗುರುತು ಮಾಡಿದ್ದರು. ಕೇಳಿದಾಗ ಬೌಲಿಂಗ್ ಮಾಡುತ್ತಿದ್ದ ಹುಡುಗ, "ಆ ಕಡೆ ಬಾಲ್ ಹೋದ್ರೆ ಔಟು ಸಾರ್" ಅಂದ. ಮೊಟ್ಟೆ ಒಡೆಯಲು ನಾಲ್ಕು ವಾರ ಬೇಕು, ಮರಿ ಹುಟ್ಟಿದ ದಿನವೇ ಓಡುತ್ತದೆ. ಮೇ ತಿಂಗಳ ಅಡ್ಡಮಳೆಗೆ ಹಿನ್ನೀರು ಎಷ್ಟರವರೆಗೆ ಬರುತ್ತದೆ ಎಂದು ಅವನನ್ನು ಕೇಳಿದೆ. ಅವನು ವಿಕೆಟ್ ನೆಟ್ಟ ಜಾಗದವರೆಗೆ ಕೈ ತೋರಿಸಿದ. ಮೊಟ್ಟೆ ಅದಕ್ಕಿಂತ ಹತ್ತು ಹೆಜ್ಜೆ ಮೇಲಿತ್ತು.